ಸಿಬಿಲ್ ಅಂಕ ಏರುವುದೇಕೆ, ಇಳಿಯುವುದೇಕೆ?
ಶಿಕಾರಿಪುರ, ಸೊರಬ ತಾಲ್ಲೂಕುಗಳ ರೈತರು ತಿಳಿದಿರಬೇಕಾದ ವಿಷಯಗಳು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಬಯಲುಸೀಮೆಯನ್ನು ಕೂಡುವ ಭಾಗದಲ್ಲಿವೆ. ಭತ್ತ, ಮೆಕ್ಕೆಜೋಳ, ಅಡಿಕೆ ಮತ್ತು ಶುಂಠಿ ಇಲ್ಲಿಯ ಮುಖ್ಯ ಬೆಳೆಗಳು. ಬೀಜ, ಗೊಬ್ಬರ ಮತ್ತು ಕೂಲಿಗೆ ಮುಂಗಾರಿನ ಮೊದಲೇ ಹಣ ಬೇಕು. ಬೆಳೆ ಮಾರಿದ ಹಣ ಕೈಸೇರುವುದು ಸುಗ್ಗಿಯ ನಂತರ. ಈ ನಡುವಣ ತಿಂಗಳುಗಳನ್ನು ದಾಟಲು ಬಹುಪಾಲು ರೈತರು ಸಹಕಾರ ಸಂಘದಿಂದಲೋ ಬ್ಯಾಂಕಿನಿಂದಲೋ ಸಾಲ ಪಡೆಯುತ್ತಾರೆ.

ಈಗ ಸಾಲ ಕೇಳಲು ಬ್ಯಾಂಕಿಗೆ ಹೋದವರಿಗೆ ಪಹಣಿ, ಆಧಾರ್ ಮತ್ತು ಪಾನ್ ಕಾರ್ಡುಗಳ ಜೊತೆಗೆ ಇನ್ನೊಂದು ಮಾತು ಕೇಳಿಬರುತ್ತದೆ. ಅದೇ 'ಸಿಬಿಲ್'. ಮಗಳ ವಿದ್ಯಾಭ್ಯಾಸದ ಸಾಲ, ಟ್ರಾಕ್ಟರ್ ಸಾಲ, ಕೊಳವೆಬಾವಿಯ ಸಾಲ, ಇವು ಯಾವುದಕ್ಕೆ ಅರ್ಜಿ ಕೊಟ್ಟರೂ ಮೊದಲು ಈ ಅಂಕವನ್ನು ನೋಡುತ್ತಾರೆ. ಜಮೀನು ಇದೆ, ಸಾಲವನ್ನೂ ತೀರಿಸಿದ್ದೇನೆ, ಆದರೂ ಅಂಕ ಏಕೆ ಕಡಿಮೆ ಎಂದು ಹಲವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಅಂಕವನ್ನು ಹೇಗೆ ಕಟ್ಟುತ್ತಾರೆಂಬುದನ್ನು ಮೊದಲು ತಿಳಿಯಬೇಕು.

ಪತ್ತು ಎಂದರೇನು?

'ಪತ್ತು' ಎಂಬ ಮಾತು ನಮ್ಮ ರೈತರಿಗೆ ಹೊಸದಲ್ಲ. 'ಕೃಷಿ ಪತ್ತಿನ ಸಹಕಾರ ಸಂಘ' ಎಂಬ ಹೆಸರಿನಲ್ಲೇ ಅದು ಇದೆ. ಕೊಟ್ಟ ಹಣ ಹೇಳಿದ ದಿನಕ್ಕೆ ಹಿಂದೆ ಬರುತ್ತದೆಂಬ ನಂಬಿಕೆಯೇ ಪತ್ತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಗ್ರಾಮ ಸಹಕಾರ ಸಂಘ ಹುಟ್ಟಿದಾಗ ಈ ನಂಬಿಕೆಯನ್ನು ಅಳೆಯಲು ಯಾವ ಯಂತ್ರವೂ ಬೇಕಿರಲಿಲ್ಲ. ಸದಸ್ಯರೆಲ್ಲ ಒಂದೇ ಊರಿನವರು. ಯಾರು ಮಾತಿಗೆ ನಡೆಯುವವರು, ಯಾರು ತಡಮಾಡುವವರು ಎಂಬುದು ಎಲ್ಲರಿಗೂ ಗೊತ್ತಿತ್ತು.

ಇಂದು ಸಾಲ ಮಂಜೂರು ಮಾಡುವ ಅಧಿಕಾರಿ ನಿಮ್ಮ ಊರಿನವರಲ್ಲ. ಅವರು ನಿಮ್ಮನ್ನು ಕಂಡೂ ಇರಲಾರರು. ಆದುದರಿಂದ ಊರಿನವರು ಬಾಯಲ್ಲಿ ಹೇಳುತ್ತಿದ್ದುದನ್ನು ಈಗ ದಾಖಲೆಯಲ್ಲಿ ನೋಡುತ್ತಾರೆ. ಈ ದಾಖಲೆಗಳನ್ನು ಇಡಲು 2000ದಲ್ಲಿ ಸಿಬಿಲ್ ಸಂಸ್ಥೆ ಸ್ಥಾಪನೆಯಾಯಿತು. 2005ರಲ್ಲಿ ಇದಕ್ಕಾಗಿಯೇ ಕೇಂದ್ರ ಸರ್ಕಾರದ ಕಾಯಿದೆ ಬಂದಿತು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಈ ಕೆಲಸ ಮಾಡುತ್ತಿವೆ. ಜನರು ನಾಲ್ಕಕ್ಕೂ ಸೇರಿಸಿ 'ಸಿಬಿಲ್' ಎಂದೇ ಕರೆಯುತ್ತಾರೆ.

ಬ್ಯಾಂಕುಗಳು ಮತ್ತು ಹಣಕಾಸು ಕಂಪನಿಗಳು ತಮ್ಮ ಪ್ರತಿಯೊಬ್ಬ ಸಾಲಗಾರನ ವಿವರವನ್ನು ಈ ಸಂಸ್ಥೆಗಳಿಗೆ ಕಳುಹಿಸಬೇಕು. 2025ರ ಜನವರಿಯಿಂದ ತಿಂಗಳಿಗೆ ಕಡಿಮೆಯೆಂದರೆ ಎರಡು ಸಲ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿತ್ತು. ಬಂದ ವಿವರಗಳಿಂದ ಪ್ರತಿಯೊಬ್ಬರಿಗೂ 300ರಿಂದ 900ರವರೆಗಿನ ಒಂದು ಅಂಕವನ್ನು ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ 750ಕ್ಕೆ ಮೇಲ್ಪಟ್ಟ ಅಂಕವನ್ನು ಬ್ಯಾಂಕುಗಳು ಒಳ್ಳೆಯದೆಂದು ಭಾವಿಸುತ್ತವೆ. ನಾಲ್ಕು ಸಂಸ್ಥೆಗಳ ಲೆಕ್ಕದ ರೀತಿ ಬೇರೆ ಬೇರೆಯಾದುದರಿಂದ ಒಬ್ಬರಿಗೇ ನಾಲ್ಕು ಕಡೆ ನಾಲ್ಕು ಅಂಕ ಬರುವುದುಂಟು. ಅದರಿಂದ ಗಾಬರಿಯಾಗಬೇಕಾಗಿಲ್ಲ.

ಅಂಕ ಅಳೆಯುವುದು ಯಾವುದನ್ನು?

ಈ ಅಂಕ ನಿಮ್ಮ ಆಸ್ತಿಯನ್ನು ಅಳೆಯುವುದಿಲ್ಲ. ನಿಮಗೆಷ್ಟು ಎಕರೆ ತೋಟವಿದೆ, ಉಳಿತಾಯ ಖಾತೆಯಲ್ಲಿ ಎಷ್ಟು ಹಣವಿದೆ, ಈ ವರ್ಷ ಎಷ್ಟು ಕ್ವಿಂಟಲ್ ಬೆಳೆದಿರಿ ಎಂಬುದು ಅದಕ್ಕೆ ಬೇಕಿಲ್ಲ. ಕೊಡಬೇಕಾದ ಹಣ ಕೊಡಬೇಕಾದ ದಿನ ಸೇರಿತೇ ಇಲ್ಲವೇ ಎಂಬುದನ್ನೇ ಅದು ಮುಖ್ಯವಾಗಿ ನೋಡುತ್ತದೆ. ಪ್ರತಿ ಸಾಲದ ಎದುರಿಗೂ ಹಿಂದಿನ 36 ತಿಂಗಳವರೆಗಿನ ಲೆಕ್ಕ ಇರುತ್ತದೆ. ಆ ತಿಂಗಳು ಹಣ ಎಷ್ಟು ದಿನ ತಡವಾಯಿತು, ಅಥವಾ ಸಾಲ ಯಾವ ದರ್ಜೆಯಲ್ಲಿತ್ತು ಎಂದು ಅಲ್ಲಿ ಬರೆದಿರುತ್ತದೆ.

ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಶಿಕಾರಿಪುರ ತಾಲ್ಲೂಕಿನಲ್ಲಿ ಹತ್ತು ಎಕರೆಯ ಒಬ್ಬ ರೈತರಿದ್ದಾರೆಂದು ಭಾವಿಸಿ. ಅವರು ಬೆಳೆಸಾಲದ ಜೊತೆಗೆ ಕಂತಿನ ಮೇಲೆ ಒಂದು ಮೋಟಾರ್ ಸೈಕಲ್ ಕೊಂಡಿದ್ದಾರೆ. ತಿಂಗಳ ಕಂತು ರೂ. 3,200. ಸುಗ್ಗಿಯ ಹಣ ಇರುವವರೆಗೆ ಕಂತು ಸರಿಯಾಗಿ ನಡೆಯಿತು. ಜೂನ್‌ನಲ್ಲಿ ಬಿತ್ತನೆಗೆ ಕೈಯ ಹಣವೆಲ್ಲ ಖರ್ಚಾಯಿತು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ಕಂತು ನಿಂತವು. ನವೆಂಬರಿನಲ್ಲಿ ಜೋಳ ಮಾರಿ ಬಡ್ಡಿ, ದಂಡ ಸಮೇತ ಪೂರ್ತಿ ಕಟ್ಟಿದರು. ಅವರ ಮನಸ್ಸಿನಲ್ಲಿ ಸಾಲ ಚೊಕ್ಕವಾಯಿತು. ದಾಖಲೆಯಲ್ಲಿ ಮಾತ್ರ ಐದು ತಿಂಗಳ ತಡ ಉಳಿಯಿತು.

ಸೊರಬ ತಾಲ್ಲೂಕಿನ ಇನ್ನೊಬ್ಬರಿಗೆ ಎರಡೇ ಎಕರೆ ಗದ್ದೆ. ಅವರು ಬ್ಯಾಂಕಿನಿಂದ ಪಡೆದ ರೂ. 60,000 ಬೆಳೆಸಾಲವನ್ನು ಪ್ರತಿ ವರ್ಷ ಗಡುವಿನೊಳಗೆ ತೀರಿಸುತ್ತಾರೆ. ಬೇರೆ ಸಾಲವಿಲ್ಲ. ಇವರಿಬ್ಬರಲ್ಲಿ ಹೆಚ್ಚು ಅಂಕ ಬರುವುದು ಎರಡನೆಯವರಿಗೇ. ಮೊದಲನೆಯವರು ಮೋಸಗಾರರಲ್ಲ, ಬಡವರೂ ಅಲ್ಲ. ಅವರ ಆದಾಯದ ಕಾಲಕ್ಕೂ ಕಂತಿನ ಕಾಲಕ್ಕೂ ಹೊಂದಾಣಿಕೆ ಇರಲಿಲ್ಲ, ಅಷ್ಟೆ. ನಮ್ಮ ಭಾಗದ ರೈತರ ಅಂಕ ಕೆಡಲು ಇದು ದೊಡ್ಡದೊಂದು ಕಾರಣ.

ಬೆಳೆಸಾಲಕ್ಕೂ ಕಂತಿನ ಸಾಲಕ್ಕೂ ಇರುವ ವ್ಯತ್ಯಾಸ

ಬೆಳೆಸಾಲದ ಗಡುವನ್ನು ಬೆಳೆಯ ಕಾಲ ನೋಡಿ ಇಡುತ್ತಾರೆ. ಅಲ್ಪಾವಧಿ ಬೆಳೆಯ ಸಾಲ ಗಡುವು ಮೀರಿ ಎರಡು ಹಂಗಾಮು ಬಾಕಿ ಉಳಿದರೆ ಮಾತ್ರ ಬ್ಯಾಂಕು ಅದನ್ನು ಅನುತ್ಪಾದಕ ಸಾಲವೆಂದು ಬರೆಯುತ್ತದೆ. ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು. ಮೋಟಾರ್ ಸೈಕಲ್, ಮೊಬೈಲ್, ಬಟ್ಟೆ ಒಗೆಯುವ ಯಂತ್ರ ಇಂತಹವುಗಳ ಸಾಲಕ್ಕೆ ಈ ಸೌಲಭ್ಯವಿಲ್ಲ. ಅಲ್ಲಿ 90 ದಿನ ಮೀರಿದರೆ ಸಾಲ ಅನುತ್ಪಾದಕವಾಗುತ್ತದೆ. ಸಾಲಗಾರ ರೈತನೇ, ಸಂಬಳದಾರನೇ ಎಂದು ಆ ನಿಯಮ ನೋಡುವುದಿಲ್ಲ.

ಎರಡು ಹಂಗಾಮಿನ ಅವಕಾಶವಿದೆಯೆಂದು ಬೆಳೆಸಾಲವನ್ನೂ ಅಲಕ್ಷ್ಯ ಮಾಡಬಾರದು. ತಡವಾದುದು ದಾಖಲೆಗೆ ಸೇರಬಹುದು. ಬಡ್ಡಿಯ ರಿಯಾಯಿತಿಯಂತೂ ಗಡುವಿನ ದಿನವೇ ಕೈತಪ್ಪುತ್ತದೆ. ಕೇಂದ್ರ ಸರ್ಕಾರದ ಯೋಜನೆಯಂತೆ 2025-26ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡಿನ ರೂ. 3 ಲಕ್ಷದವರೆಗಿನ ಬೆಳೆಸಾಲಕ್ಕೆ ಶೇಕಡಾ 7ರ ಬಡ್ಡಿ. ಸಕಾಲದಲ್ಲಿ ತೀರಿಸಿದವರಿಗೆ ಶೇಕಡಾ 3 ರಿಯಾಯಿತಿ ಸಿಕ್ಕು ಅದು ಶೇಕಡಾ 4ಕ್ಕೆ ಇಳಿಯುತ್ತದೆ. ಲೆಕ್ಕ ಹೀಗಿದೆ:

ರೂ. 3,00,000ಕ್ಕೆ ಒಂದು ವರ್ಷದ ಬಡ್ಡಿ, ಶೇಕಡಾ 7ರಂತೆ: ರೂ. 21,000
ಸಕಾಲದಲ್ಲಿ ತೀರಿಸಿದರೆ, ಶೇಕಡಾ 4ರಂತೆ: ರೂ. 12,000
ರೈತನಿಗೆ ಉಳಿಯುವುದು: ರೂ. 9,000

ಗಡುವು ಮೀರಿದ ನಂತರದ ದಿನಗಳಿಗೆ ಬ್ಯಾಂಕಿನ ಸಾಮಾನ್ಯ ದರದ ಬಡ್ಡಿ ಬೀಳುತ್ತದೆ. ಸಹಕಾರ ಸಂಘಗಳ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023-24ರ ಆಯವ್ಯಯದಲ್ಲಿ ರೂ. 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಈ ಸೌಲಭ್ಯವೂ ಗಡುವಿನೊಳಗೆ ತೀರಿಸಿದವರಿಗೇ ಸಲ್ಲುತ್ತದೆ. ಗಡುವಿನ ದಿನವನ್ನು ಬಿತ್ತನೆಯ ದಿನದಷ್ಟೇ ನೆನಪಿನಲ್ಲಿಡಬೇಕು.

ಅಂಕ ಇಳಿಯಲು ಇತರ ಕಾರಣಗಳು

1. ಜಾಮೀನು: ನೆಂಟರಿಗೋ ಸ್ನೇಹಿತರಿಗೋ ಜಾಮೀನು ಹಾಕಿದರೆ ಆ ಸಾಲ ನಿಮ್ಮ ದಾಖಲೆಯಲ್ಲಿಯೂ ಸೇರುತ್ತದೆ. ಅವರು ಕಟ್ಟದಿದ್ದರೆ ನಿಮ್ಮ ಅಂಕವೂ ಇಳಿಯುತ್ತದೆ. ಅಣ್ಣತಮ್ಮಂದಿರು ಜಂಟಿಯಾಗಿ ಪಡೆದ ಸಾಲವೂ ಹೀಗೆಯೇ. ಮನೆಯಲ್ಲಿ ಪಾಲಾದರೂ ಸಾಲದ ಪತ್ರದಲ್ಲಿ ಹೆಸರು ಇರುವವರೆಗೆ ಇಬ್ಬರೂ ಹೊಣೆಗಾರರು. ದಾಕ್ಷಿಣ್ಯಕ್ಕೆ ರುಜು ಹಾಕುವ ಮುನ್ನ ಯೋಚಿಸಬೇಕು.

2. ರಾಜಿ ತೀರುವಳಿ: ಬಾಕಿ ಬಹಳ ಬೆಳೆದಾಗ ಬ್ಯಾಂಕು ಒಂದಷ್ಟು ಬಿಟ್ಟು ಉಳಿದುದನ್ನು ಒಮ್ಮೆಗೇ ಕಟ್ಟಿಸಿಕೊಳ್ಳುವುದುಂಟು. ಇದನ್ನು ಓ.ಟಿ.ಎಸ್. ಎನ್ನುತ್ತಾರೆ. ಇದರಿಂದ ಸಾಲದ ಹೊರೆ ಇಳಿಯುತ್ತದೆ. ಆದರೆ ದಾಖಲೆಯಲ್ಲಿ 'ಪೂರ್ಣ ಪಾವತಿ' ಎಂದು ಬರೆಯದೆ 'ಸೆಟಲ್ಡ್' ಎಂದು ಬರೆಯುತ್ತಾರೆ. ಮುಂದಿನ ಬ್ಯಾಂಕು ಇದನ್ನು ಒಳ್ಳೆಯ ಗುರುತಾಗಿ ನೋಡುವುದಿಲ್ಲ. ಬೇರೆ ದಾರಿ ಇಲ್ಲದಿದ್ದಾಗ ಮಾತ್ರ ಇದನ್ನು ಒಪ್ಪಬೇಕು.

3. ಸಾಲಮನ್ನಾದ ನಿರೀಕ್ಷೆ: ಕರ್ನಾಟಕದಲ್ಲಿ 2018ರ ಯೋಜನೆಯಲ್ಲಿ ಸಹಕಾರ ಸಂಘಗಳ ಬೆಳೆಸಾಲ ರೂ. 1 ಲಕ್ಷದವರೆಗೆ, ವಾಣಿಜ್ಯ ಬ್ಯಾಂಕುಗಳ ಬೆಳೆಸಾಲ ರೂ. 2 ಲಕ್ಷದವರೆಗೆ ಮನ್ನಾ ಆಯಿತು. ಮಿತಿಗೆ ಮೀರಿದ ಸಾಲ ರೈತನ ಮೇಲೆಯೇ ಉಳಿಯಿತು. ಮತ್ತೆ ಮನ್ನಾ ಬಂದೀತೆಂದು ಕಾಯುತ್ತ ಗಡುವು ಮೀರಿಸಿದರೆ, ಮನ್ನಾ ಬರುವುದು ನಿಶ್ಚಯವಿಲ್ಲ, ತಡ ದಾಖಲಾಗುವುದು ಮಾತ್ರ ನಿಶ್ಚಯ.

4. ಸಣ್ಣ ಬಾಕಿ: ಸಾಲ ತೀರಿಸಿದ ದಿನದ ಬಡ್ಡಿಯೋ ಯಾವುದೋ ಶುಲ್ಕವೋ ಸೇರಿ ಇನ್ನೂರು ಮುನ್ನೂರು ರೂಪಾಯಿ ಉಳಿದು, ರೈತನಿಗೆ ತಿಳಿಯದೆಯೇ ಖಾತೆ ತೆರೆದಿರುವುದುಂಟು. ಮೊಬಲಗು ಚಿಕ್ಕದಾದರೂ ತಡ ತಡವೇ.

5. ಹಲವು ಕಡೆ ಅರ್ಜಿ: ಒಂದೇ ತಿಂಗಳಲ್ಲಿ ನಾಲ್ಕಾರು ಬ್ಯಾಂಕು, ಕಂಪನಿಗಳಿಗೆ ಅರ್ಜಿ ಕೊಟ್ಟರೆ ಪ್ರತಿಯೊಬ್ಬರೂ ನಿಮ್ಮ ದಾಖಲೆ ತೆಗೆಸುತ್ತಾರೆ. ಹಣಕ್ಕೆ ಬಹಳ ಮುಗ್ಗಟ್ಟಿದೆ ಎಂಬ ಅರ್ಥ ಬಂದು ಅಂಕ ಸ್ವಲ್ಪ ಇಳಿಯುತ್ತದೆ. ನೀವೇ ನಿಮ್ಮ ದಾಖಲೆ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ.

6. ಕ್ರೆಡಿಟ್ ಕಾರ್ಡು: ಪೇಟೆಯ ಖರ್ಚಿಗೆ ಕೊಡುವ ಕಾರ್ಡಿನ ಮಿತಿಯನ್ನು ಪ್ರತಿ ತಿಂಗಳೂ ಪೂರ್ತಿ ಬಳಸುತ್ತಿದ್ದರೂ ಅಂಕ ತಗ್ಗುತ್ತದೆ.

7. ಹೆಸರಿನ ಗೊಂದಲ: ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇರುವುದು ಅಪರೂಪವಲ್ಲ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಪಹಣಿಯಲ್ಲೊಂದು ರೀತಿ, ಆಧಾರ್‌ನಲ್ಲೊಂದು ರೀತಿ, ಬ್ಯಾಂಕಿನಲ್ಲೊಂದು ರೀತಿ ಬರೆದಿರುತ್ತಾರೆ. ಇದರಿಂದ ಒಬ್ಬರ ಸಾಲ ಇನ್ನೊಬ್ಬರ ದಾಖಲೆಗೆ ಸೇರಿಬಿಡುವ ಸಂಭವವಿದೆ. ಎಲ್ಲ ಕಾಗದಗಳಲ್ಲಿಯೂ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳಬೇಕು.

ಅಂಕ ಏರಿಸಿಕೊಳ್ಳುವ ಕ್ರಮ

ಮೊದಲನೆಯದಾಗಿ, ಸಾಲ ಪಡೆಯುವಾಗಲೇ ನಿಮ್ಮ ಕೈಗೆ ಹಣ ಬರುವ ತಿಂಗಳುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಭಾಗದಲ್ಲಿ ಸಾಧಾರಣವಾಗಿ ಅದು ಹೀಗಿರುತ್ತದೆ:

ಮುಂಗಾರಿನ ಮೆಕ್ಕೆಜೋಳ: ಅಕ್ಟೋಬರ್‌ನಿಂದ ಡಿಸೆಂಬರ್
ಮುಂಗಾರಿನ ಭತ್ತ: ನವೆಂಬರ್‌ನಿಂದ ಜನವರಿ
ಅಡಿಕೆ: ಕೊಯ್ಲು, ಬೇಯಿಸುವಿಕೆ, ಒಣಗಿಸುವಿಕೆ ಮುಗಿದ ಮೇಲೆ, ಡಿಸೆಂಬರ್ ನಂತರ
ಶುಂಠಿ: ಡಿಸೆಂಬರ್‌ನಿಂದ ಮಾರ್ಚ್
ಹಾಲು: ವರ್ಷದುದ್ದಕ್ಕೂ, ಸಂಘದ ಬಟವಾಡೆಯ ದಿನ

ಟ್ರಾಕ್ಟರ್, ಪಂಪ್‌ಸೆಟ್ ಮುಂತಾದ ಕೃಷಿ ಸಾಲಗಳಿಗೆ ತಿಂಗಳ ಕಂತನ್ನೇ ಒಪ್ಪಬೇಕೆಂದಿಲ್ಲ. ಸುಗ್ಗಿಗೆ ಹೊಂದುವ ಆರು ತಿಂಗಳ ಅಥವಾ ವರ್ಷದ ಕಂತನ್ನು ಕೇಳಿರಿ. ಜನವರಿ, ಫೆಬ್ರುವರಿಯಲ್ಲಿ ಅಡಿಕೆ ಮಾರುವವರು ನವೆಂಬರಿನ ಗಡುವಿಗೆ ರುಜು ಹಾಕಬಾರದು. ಪತ್ರಕ್ಕೆ ರುಜು ಬೀಳುವ ಮುನ್ನವೇ ಇದನ್ನು ಕೇಳಬೇಕು. ಅನಂತರ ಬದಲಾಯಿಸುವುದು ಕಷ್ಟ.

ಎರಡನೆಯದಾಗಿ, ತಿಂಗಳ ಕಂತಿನ ಸಾಲ ಅನಿವಾರ್ಯವಾದರೆ ಅದನ್ನು ಹಾಲಿನ ಬಟವಾಡೆಗೋ ಮನೆಯಲ್ಲಿ ಯಾರಾದರೂ ತರುವ ಸಂಬಳಕ್ಕೋ ಹೊಂದಿಸಿರಿ. ಅದೂ ಇಲ್ಲದವರು ಸುಗ್ಗಿಯ ಹಣ ಬಂದೊಡನೆ ಮಳೆಗಾಲದ ಕಂತನ್ನು ತೆಗೆದಿಡಬೇಕು. ಮೇಲಿನ ಉದಾಹರಣೆಯಲ್ಲಿ ಐದು ತಿಂಗಳಿಗೆ ರೂ. 3,200ರಂತೆ ರೂ. 16,000 ಆಗುತ್ತದೆ. ಬೀಜದ ಜೋಳವನ್ನು ತಿನ್ನದೆ ತೆಗೆದಿಡುವಂತೆ ಈ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಕಂತು ಅಲ್ಲಿಂದಲೇ ಕಡಿತವಾಗುವಂತೆ ಬರೆದುಕೊಟ್ಟರೆ ಮರೆವಿಗೂ ಅವಕಾಶವಿರದು. ಹೀಗೆ ತೆಗೆದಿಡಲು ಆಗದೆಂದು ಕಂಡರೆ ಆ ವಸ್ತುವನ್ನು ಕಂತಿನ ಮೇಲೆ ಕೊಳ್ಳದಿರುವುದೇ ಲೇಸು.

ಮೂರನೆಯದಾಗಿ, ಬೆಲೆ ಕುಸಿದಾಗ ಏನು ಮಾಡಬೇಕೆಂದು ಮೊದಲೇ ಯೋಚಿಸಿರಿ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ ರೂ. 2,400 ಎಂದು ಘೋಷಣೆಯಾಗಿತ್ತು. 2025ರ ನವೆಂಬರಿನಲ್ಲಿ ರಾಜ್ಯದ ಪೇಟೆಗಳಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ಇಂತಹ ವರ್ಷ ಬೆಲೆ ಏರಲೆಂದು ಮಾಲನ್ನು ಇಟ್ಟುಕೊಳ್ಳುವವರು ಸಾಲದ ಗಡುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಲಕ್ಕೆ ಬೇಕಾಗುವಷ್ಟನ್ನು ಮಾರಿ ಉಳಿದುದನ್ನು ಇಟ್ಟುಕೊಳ್ಳುವುದು ಒಂದು ಮಾರ್ಗ. ಗೋದಾಮಿನಲ್ಲಿಟ್ಟ ಮಾಲಿನ ರಸೀತಿಯ ಮೇಲೆ ಅಡಮಾನ ಸಾಲ ಸಿಗುವುದಾದರೆ ಅದನ್ನು ಪಡೆದು ಬೆಳೆಸಾಲ ತೀರಿಸುವುದು ಇನ್ನೊಂದು ಮಾರ್ಗ.

ನಾಲ್ಕನೆಯದಾಗಿ, ಬರ ಅಥವಾ ನೆರೆ ಬಂದ ವರ್ಷ ಸುಮ್ಮನೆ ಕೂರಬೇಡಿರಿ. 2023ರಲ್ಲಿ ರಾಜ್ಯದ 220ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಇಂತಹ ಘೋಷಣೆಯಾದಾಗ ಬೆಳೆ ಹಾಳಾದವರ ಸಾಲದ ಗಡುವನ್ನು ಮುಂದಕ್ಕೆ ಹಾಕಲು, ಬೆಳೆಸಾಲವನ್ನು ಹಲವು ವರ್ಷಗಳ ಕಂತಿನ ಸಾಲವಾಗಿ ಮಾರ್ಪಡಿಸಲು ಬ್ಯಾಂಕುಗಳಿಗೆ ಅವಕಾಶವಿರುತ್ತದೆ. ಗಡುವು ಮುಗಿಯುವ ಮುನ್ನವೇ ಬ್ಯಾಂಕಿಗೆ ಹೋಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಅರ್ಜಿ ಕೊಡದೆ ಬಾಕಿ ಉಳಿಸಿದವರ ಲೆಕ್ಕಕ್ಕೆ ಬರಗಾಲವೂ ಬರಿಯ ತಡವಾಗಿಯೇ ಸೇರುತ್ತದೆ.

ಐದನೆಯದಾಗಿ, ಸಾಲ ತೀರಿದ ದಿನ ಖಾತೆ ಮುಕ್ತಾಯ ಮಾಡಿಸಿ ಬೇಬಾಕಿ ಪತ್ರ ಪಡೆಯಿರಿ. ಪಹಣಿಯ ಋಣದ ಕಲಮಿನಲ್ಲಿರುವ ಸಾಲದ ನಮೂದನ್ನೂ ತೆಗೆಸಿರಿ.

ಸಹಕಾರ ಸಂಘದ ಸಾಲದ ವಿಷಯ

ಗ್ರಾಮದ ಪ್ರಾಥಮಿಕ ಸಂಘಗಳ ಎಲ್ಲ ಸಾಲಗಳೂ ಈ ದಾಖಲೆಗಳಿಗೆ ಸೇರುವುದಿಲ್ಲ. ಆದುದರಿಂದ ಇಪ್ಪತ್ತು ವರ್ಷ ಸಂಘದಲ್ಲಿ ತಪ್ಪದೆ ವ್ಯವಹಾರ ಮಾಡಿದವರಿಗೂ ಬ್ಯಾಂಕಿನಲ್ಲಿ 'ನಿಮ್ಮ ದಾಖಲೆಯೇ ಇಲ್ಲ' ಎಂಬ ಉತ್ತರ ಬರಬಹುದು. ಇದು ಕೆಟ್ಟ ಅಂಕವಲ್ಲ. ಹಿಂದಿನ ಸಾಲದ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಸಾಲಕ್ಕೆ ಇಂತಿಷ್ಟೇ ಅಂಕ ಬೇಕೆಂದು ರಿಸರ್ವ್ ಬ್ಯಾಂಕ್ ಗೊತ್ತುಮಾಡಿಲ್ಲವೆಂದು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಲೋಕಸಭೆಗೆ ತಿಳಿಸಿದೆ. ಸಂಘದ ಸಾಲ ಸಕಾಲದಲ್ಲಿ ತೀರಿಸಿದ ಪಾಸ್ ಪುಸ್ತಕ ಮತ್ತು ರಸೀತಿಗಳನ್ನು ಜೋಪಾನವಾಗಿಟ್ಟು ಬ್ಯಾಂಕಿಗೆ ತೋರಿಸಿರಿ. ಅರ್ಜಿ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿರಿ.

ದಾಖಲೆಯಲ್ಲಿ ತಪ್ಪಿದ್ದರೆ?

ನಾಲ್ಕು ಸಂಸ್ಥೆಗಳೂ ಪ್ರತಿಯೊಬ್ಬರಿಗೆ ವರ್ಷಕ್ಕೊಂದು ಸಲ ಅಂಕ ಸಮೇತ ಪೂರ್ಣ ದಾಖಲೆಯನ್ನು ಉಚಿತವಾಗಿ ಕೊಡಬೇಕು. ಆ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಮೊಬೈಲ್ ಮೂಲಕವೇ ಪಡೆಯಬಹುದು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರ ಸಹಾಯ ಪಡೆಯಿರಿ. ದಾಖಲೆ ಬಂದಾಗ ಈ ಕೆಳಕಂಡವುಗಳನ್ನು ಪರೀಕ್ಷಿಸಬೇಕು:

ಅ) ಹೆಸರು, ಜನ್ಮದಿನ, ಪಾನ್ ಸಂಖ್ಯೆ ಸರಿಯಾಗಿವೆಯೇ?
ಆ) ನೀವು ಪಡೆಯದ ಸಾಲ ಅಲ್ಲಿದೆಯೇ?
ಇ) ತೀರಿಸಿದ ಸಾಲ ಇನ್ನೂ ತೆರೆದಿದೆಯೇ?
ಈ) ನೀವು ಜಾಮೀನು ಹಾಕಿದ ಸಾಲ ಸರಿಯಾಗಿ ನಡೆಯುತ್ತಿದೆಯೇ?

ತಪ್ಪು ಕಂಡರೆ ದಾಖಲೆ ಕೊಟ್ಟ ಸಂಸ್ಥೆಗೆ ಮತ್ತು ಸಾಲ ಕೊಟ್ಟ ಬ್ಯಾಂಕಿಗೆ ಬೇಬಾಕಿ ಪತ್ರದ ನಕಲಿನೊಡನೆ ದೂರು ಕೊಡಬೇಕು. ಅದನ್ನು 30 ದಿನಗಳೊಳಗೆ ಇತ್ಯರ್ಥ ಮಾಡಬೇಕು. ಮೀರಿದರೆ ಪ್ರತಿ ದಿನಕ್ಕೆ ರೂ. 100ರಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಗಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಿವರಕ್ಕೆ 14448 ಸಂಖ್ಯೆಗೆ ದೂರವಾಣಿ ಮಾಡಿರಿ.

ಹಣ ಕೊಟ್ಟರೆ ಅಂಕ ಏರಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿರಿ. ದಾಖಲೆಯಲ್ಲಿರುವ ತಪ್ಪನ್ನು ತಿದ್ದಿಸಬಹುದು, ನಿಜವಾದ ತಡವನ್ನು ಯಾರೂ ಅಳಿಸಲಾರರು. ಮೊಬೈಲಿಗೆ ಬರುವ ಓ.ಟಿ.ಪಿ. ಸಂಖ್ಯೆಯನ್ನು ಇಂತಹವರಿಗೆ ಎಂದಿಗೂ ಹೇಳಬಾರದು.

ಈಗಾಗಲೇ ಅಂಕ ಕೆಟ್ಟಿರುವವರು ಧೈರ್ಯಗೆಡಬೇಕಾಗಿಲ್ಲ. ಸವಕಳಿಯಾದ ಹೊಲಕ್ಕೆ ವರ್ಷ ವರ್ಷವೂ ಗೊಬ್ಬರ ಹಾಕಿ ಸರಿಪಡಿಸುವಂತೆ ಇದನ್ನೂ ಸರಿಪಡಿಸಬಹುದು. ಮೊದಲು ಗಡುವು ಮೀರಿದ ಬಾಕಿಯನ್ನು ಕಟ್ಟಿರಿ. ಆ ಮೇಲೆ ಹೊಸ ಸಾಲಕ್ಕೆ ಓಡಾಡದೆ ಇರುವ ಸಾಲವನ್ನು ತಪ್ಪದೆ ನಡೆಸಿರಿ. ಹಳೆಯ ತಡದ ಮೇಲೆ ಸರಿಯಾದ ತಿಂಗಳುಗಳು ಒಂದೊಂದಾಗಿ ಸೇರುತ್ತ ಹೋದಂತೆ ಅಂಕ ಮೇಲೇರುತ್ತದೆ. ಈ ವಾರವೇ ನಿಮ್ಮ ಎಲ್ಲ ಸಾಲಗಳ ಪತ್ರಗಳನ್ನು ತೆಗೆದು, ಪ್ರತಿಯೊಂದರ ಗಡುವಿನ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿರಿ. ಅದರ ಪಕ್ಕದಲ್ಲಿ ಯಾವ ಬೆಳೆಯ ಹಣದಿಂದ ಅದನ್ನು ಕಟ್ಟುವಿರೆಂದು ಬರೆಯಿರಿ. ಪಕ್ಕದಲ್ಲಿ ಬರೆಯಲು ಯಾವ ಬೆಳೆಯೂ ಇಲ್ಲದ ಗಡುವು ಕಂಡರೆ, ಅದರ ಬಗ್ಗೆ ಮಾತನಾಡಲು ಬ್ಯಾಂಕಿಗೆ ಈಗಲೇ ಹೋಗಿ ಬನ್ನಿರಿ.